ಸಂತೆಯಲ್ಲಿ ಭಾವಚಿತ್ರ



ಸಂತೆಯೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಸೊಪ್ಪು ತರಕಾರಿಯ ರಾಶಿ, ಬೆಲ್ಲದ ಅಚ್ಚು, ಕಂಬಳಿಯ ಹೊರೆ, ಬಳೆಗಾರರ ಮಲಾರ. ಭಾವಚಿತ್ರವೆಂದೊಡನೆ ನೆನಪಿಗೆ ಬರುವುದು ಅರಮನೆಯ ಮೊಗಸಾಲೆ, ಚಿನ್ನದ ನೀರು ಹಾಯಿಸಿದ ಕಟ್ಟು, ಅದರೊಳಗೆ ಗಂಭೀರವಾಗಿ ಕುಳಿತ ಮಹಾರಾಜರು. ಒಂದು ಬಯಲಿನ ವಸ್ತು, ಇನ್ನೊಂದು ಒಳಮನೆಯದು. ಒಂದರಲ್ಲಿ ಚೌಕಾಸಿಯೇ ಧರ್ಮ. ಇನ್ನೊಂದರಲ್ಲಿ ಬೆಲೆಯ ಮಾತನ್ನೆತ್ತುವುದೇ ಅನುಚಿತ. ಇವೆರಡೂ ಒಂದೇ ಬೀದಿಯಲ್ಲಿ ಸೇರಿದರೆ ಏನಾಗುವುದೆಂಬುದನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಇದು ಕಲ್ಪನೆಯ ಪ್ರಶ್ನೆಯಲ್ಲ. ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ, 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರಗಳಲ್ಲೊಂದು ದಿನ, ಚಿತ್ರಸಂತೆಯನ್ನು ನಡೆಸುತ್ತದೆ. 2023ರಲ್ಲಿ ನಡೆದದ್ದು ಇಪ್ಪತ್ತನೆಯ ಸಂತೆ. ಆ ದಿನ ರಸ್ತೆಯಲ್ಲಿ ಗಾಡಿಗಳ ಸಂಚಾರವಿಲ್ಲ. ಎರಡು ಪಕ್ಕಗಳಲ್ಲಿಯೂ ಸಾವಿರಕ್ಕೆ ಮೀರಿದ ಕಲಾವಿದರು ತಮ್ಮ ತಮ್ಮ ಚಿತ್ರಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ನೂರು ರೂಪಾಯಿಯ ಚಿತ್ರವೂ ಉಂಟು, ಲಕ್ಷ ರೂಪಾಯಿಯದೂ ಉಂಟು. ಈ ಸಾಲಿನ ನಡುವೆ ಅಲ್ಲಲ್ಲಿ ಒಂದು ಮೂರು ಕಾಲಿನ ಸ್ಟ್ಯಾಂಡು, ಎರಡು ಕುರ್ಚಿ, ಒಂದಿಷ್ಟು ಇದ್ದಿಲು, ಕಾಗದ ಇವಿಷ್ಟೇ ಬಂಡವಾಳವಾಗಿ ಕುಳಿತವರನ್ನು ಕಾಣಬಹುದು. ಅವರೇ ಎದುರು ಕುಳಿತವರ ಮುಖವನ್ನು ಅಲ್ಲಿಯೇ ಬರೆದುಕೊಡುವ ಭಾವಚಿತ್ರಕಾರರು. ನಮ್ಮ ಭಾಷಣದ ನಾಯಕರೂ ಅವರೇ.

ಚಿತ್ರವನ್ನು ಸಂತೆಯಲ್ಲಿ ಮಾರುವುದು ಹೊಸ ಸಂಗತಿಯಲ್ಲ. ಜಾನ್ ಇವ್ಲಿನ್ ಎಂಬ ಇಂಗ್ಲಿಷ್ ದಿನಚರಿಕಾರನು 1641ರ ಆಗಸ್ಟಿನಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ಪಟ್ಟಣದ ವಾರ್ಷಿಕ ಸಂತೆಯನ್ನು ನೋಡಿದನು. ಅಲ್ಲಿ ಮಾರಾಟಕ್ಕಿಟ್ಟಿದ್ದ ಚಿತ್ರಗಳ ರಾಶಿಯನ್ನು ಕಂಡು ಬೆರಗಾಗಿ, ಸಾಧಾರಣ ಒಕ್ಕಲಿಗರು ಸಹ ಚಿತ್ರಗಳಿಗಾಗಿ ಅಪಾರ ಹಣವನ್ನು ಸುರಿಯುತ್ತಾರೆಂದು ಬರೆದಿಟ್ಟನು. ಆದರೆ ಅವನು ಕಂಡವು ಯಾವ ಚಿತ್ರಗಳು? ಮುಖ್ಯವಾಗಿ ಬಯಲು, ಹೊಳೆ, ಮರಗಳ ದೃಶ್ಯಗಳು, ಮತ್ತು ಹಳ್ಳಿಗರ ವಿನೋದದ ಚಿತ್ರಗಳು. ಅದೇ ನಾಡಿನಲ್ಲಿ ಭಾವಚಿತ್ರದ ದಾರಿ ಬೇರೆಯಾಗಿತ್ತು. ಮರುವರ್ಷ, 1642ರಲ್ಲಿ, ರೆಂಬ್ರಾಂಟನು ಆಮ್‌ಸ್ಟರ್‌ಡ್ಯಾಮಿನ ನಗರರಕ್ಷಕ ಪಡೆಯವರ ದೊಡ್ಡ ಚಿತ್ರವನ್ನು ಮುಗಿಸಿದನು. ಲೋಕವು ಇಂದು ಅದನ್ನು ‘ರಾತ್ರಿಯ ಕಾವಲು’ ಎಂಬ ಹೆಸರಿನಿಂದ ಅರಿಯುತ್ತದೆ. ಅದರಲ್ಲಿ ತಮ್ಮ ಮುಖ ಬರಬೇಕೆಂದವರು ತಲೆಗೆ ಸುಮಾರು ನೂರು ಗಿಲ್ಡರ್‌ನಂತೆ ಕೊಟ್ಟರು; ಚಿತ್ರದಲ್ಲಿ ತಮಗೆ ದೊರೆತ ಸ್ಥಾನಕ್ಕನುಸಾರವಾಗಿ ಕೆಲವರು ಹೆಚ್ಚು, ಕೆಲವರು ಕಡಮೆ. ಅಂದರೆ ದೃಶ್ಯಚಿತ್ರವು ಸಂತೆಗೆ ಹೋಯಿತು; ಭಾವಚಿತ್ರವು ಮಾತ್ರ ಮುಂಗಡ ಹೇಳಿ ಬರೆಯಿಸುವವರ ಬಳಿಯಲ್ಲೇ ಉಳಿಯಿತು.

ಏಕೆ ಹೀಗೆ? ನಮ್ಮ ದೇಶದ ರವಿವರ್ಮನ ಬಾಳಿನಲ್ಲಿಯೇ ಇದಕ್ಕೆ ಉತ್ತರವಿದೆ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಕುಟುಂಬದವರ ಭಾವಚಿತ್ರಗಳನ್ನು ಬರೆದ ಆತನೇ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು, ಲಕ್ಷ್ಮೀ ಸರಸ್ವತಿಯರ ಚಿತ್ರಗಳನ್ನು ಬಡವರ ಮನೆಯ ಗೋಡೆಗೂ ತಲಪಿಸಿದನು. ದೇವತೆಯ ಮುಖವು ಎಲ್ಲರಿಗೂ ಬೇಕು. ಒಂದನ್ನು ಸಾವಿರ ಮಾಡಿ ಮಾರಬಹುದು. ಆದರೆ ನಮ್ಮ ನಿಮ್ಮ ಮುಖ ಯಾರಿಗೆ ಬೇಕು? ಅದಕ್ಕೆ ಗಿರಾಕಿ ಜಗತ್ತಿನಲ್ಲಿ ಒಂದೇ ಮನೆ. ಆ ಮನೆಯವರು ಬೇಡವೆಂದರೆ ಎರಡನೆಯ ಅಂಗಡಿಗೆ ಹೋಗಿ ಮಾರುವಂತಿಲ್ಲ. ಇದೇ ಭಾವಚಿತ್ರಕಾರನ ಮೊದಲ ಕಷ್ಟ.

ಎರಡನೆಯ ಕಷ್ಟ ಇನ್ನೂ ಸೂಕ್ಷ್ಮವಾದುದು. ಪಕ್ಕದಲ್ಲಿ ಕುಳಿತ ದೃಶ್ಯಚಿತ್ರಕಾರನ ಸರಕು ಸಿದ್ಧವಾಗಿದೆ. ಕೊಳ್ಳುವವನು ದೂರದಿಂದ ನೋಡಿ, ಹತ್ತಿರದಿಂದ ನೋಡಿ, ಮನಸ್ಸಿಗೆ ಬಂದರೆ ಕೊಳ್ಳಬಹುದು. ಭಾವಚಿತ್ರಕಾರನ ಸರಕಾದರೋ ಇನ್ನೂ ಹುಟ್ಟಿಲ್ಲ. ಎದುರಿಗೆ ಕುಳಿತವನು ಬಿಳಿಯ ಕಾಗದವನ್ನು ನೋಡಿ ಬೆಲೆಯನ್ನೊಪ್ಪಬೇಕು. ಹಾಗಾದರೆ ಈ ಕಲಾವಿದನು ಮಾರುತ್ತಿರುವುದೇನು? ವಿಚಾರಮಾಡಿದರೆ, ಅವನು ಮೊದಲು ಮಾರುವುದು ಚಿತ್ರವನ್ನಲ್ಲ, ನಂಬಿಕೆಯನ್ನು. ಅವನ ವ್ಯಾಪಾರದ ಜಾಣ್ಮೆಯೆಲ್ಲವೂ, ಪ್ರಚಾರವೆಲ್ಲವೂ, ಈ ನಂಬಿಕೆಯನ್ನು ಹುಟ್ಟಿಸುವ ಉಪಾಯಗಳೇ ಆಗಿವೆ.

ಅಂಥ ಉಪಾಯಗಳಲ್ಲಿ ಕೆಲವನ್ನು ನೋಡೋಣ. ಭಾವಚಿತ್ರಕಾರನು ತನ್ನ ಹಿಂದೆ ಮುಂದೆ ತೂಗುಹಾಕಿದ ಮಾದರಿಗಳನ್ನು ನೀವು ಗಮನಿಸಿರಬಹುದು. ಅವುಗಳಲ್ಲಿ ವಿಶ್ವೇಶ್ವರಯ್ಯನವರ ಪೇಟವಿರುತ್ತದೆ, ಕುವೆಂಪು ಅವರ ಬೆಳ್ಳಿಗೂದಲಿರುತ್ತದೆ, ರಾಜಕುಮಾರರ ನಗೆಯಿರುತ್ತದೆ. ಇದು ಭಕ್ತಿಯಿಂದ ಮಾತ್ರ ಮಾಡಿದ ಕೆಲಸವಲ್ಲ. ಗುರುತಿಲ್ಲದವರ ಮುಖವನ್ನು ಎಷ್ಟು ಚೆನ್ನಾಗಿ ಬರೆದು ತೂಗುಹಾಕಿದರೂ ದಾರಿಹೋಕನಿಗೆ ಅದರ ಹೋಲಿಕೆ ತಿಳಿಯುವ ಬಗೆಯಿಲ್ಲ. ಎಲ್ಲರೂ ಬಲ್ಲ ಮುಖವೊಂದೇ ಕಲಾವಿದನ ಪರವಾಗಿ ಸಾಕ್ಷ್ಯ ನುಡಿಯಬಲ್ಲುದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಊರಿಂದೂರಿಗೆ ಸಂಚರಿಸುತ್ತ, ಕತ್ತರಿಯಿಂದ ಕರಿಯ ಕಾಗದದಲ್ಲಿ ನೆರಳುರೂಪಗಳನ್ನು ಕತ್ತರಿಸಿಕೊಡುತ್ತಿದ್ದ ಓಗ್ಯುಸ್ತ್ ಎದ್ವಾರ್ ಎಂಬ ಫ್ರೆಂಚನು ತಾನು ಕತ್ತರಿಸಿದ ಪ್ರತಿಯೊಂದು ರೂಪಕ್ಕೂ ಒಂದು ಜೋಡಿಪ್ರತಿಯನ್ನು ಮಾಡಿ, ಹೆಸರು, ದಿನಾಂಕ ಬರೆದು, ದೊಡ್ಡ ಪುಸ್ತಕಗಳಲ್ಲಿ ಅಂಟಿಸಿಡುತ್ತಿದ್ದನು. ಅಂಥ ಪುಸ್ತಕವಿದ್ದಮೇಲೆ ಬೇರೆ ಪ್ರಚಾರವೇಕೆ? ಹಾಳೆ ತಿರುವುವವನಿಗೆ ತನ್ನ ನೆರೆಯವನ ಮೂಗು ಸಿಕ್ಕಿತೆಂದರೆ ಮುಂದೆ ಅವನೂ ಕುರ್ಚಿಯ ಮೇಲೆ ಕುಳಿತಂತೆಯೇ. 1849ರಲ್ಲಿ ಹಡಗೊಡೆದು ಆ ಸಂಗ್ರಹದ ಬಹುಭಾಗ ನೀರುಪಾಲಾಯಿತೆಂಬುದು ಕಲೆಯ ಚರಿತ್ರೆಯ ಮರುಕದ ಸಂಗತಿಗಳಲ್ಲೊಂದು.

ಎರಡನೆಯ ಉಪಾಯವು ಕಲಾವಿದನ ಕೈಯಲ್ಲಿಲ್ಲ. ಅವನ ಬೆನ್ನ ಹಿಂದೆ ನಿಂತಿರುವವರ ಕೈಯಲ್ಲಿದೆ. ಎದುರು ಕುಳಿತವನಿಗೆ ತನ್ನ ಚಿತ್ರ ಕಾಣಿಸುವುದಿಲ್ಲ. ಹಿಂದೆ ಗುಂಪುಗೂಡಿದವರಿಗೆ ಚಿತ್ರವೂ ಕಾಣಿಸುತ್ತದೆ, ಅವನ ಮುಖವೂ ಕಾಣಿಸುತ್ತದೆ. ಪಾಪ, ಅವನು ತನ್ನ ಚಿತ್ರ ಹೇಗೆ ಬರುತ್ತಿದೆಯೆಂಬುದನ್ನು ಆ ಗುಂಪಿನವರ ಮುಖಗಳಲ್ಲಿ ಓದಿಕೊಳ್ಳಬೇಕು. ಕಣ್ಣು ಮೂಡಿದ ಕ್ಷಣದಲ್ಲಿ ಯಾರೋ ಒಂದು ಮಗು, “ಅಮ್ಮಾ, ಥೇಟ್ ಆ ತಾತನೇ!” ಎಂದು ಕೂಗಿತೆಂದರೆ, ಆ ಒಂದು ಮಾತು ಹತ್ತು ಬಣ್ಣದ ಫಲಕಗಳಿಗಿಂತ ಮಿಗಿಲು. ಆದುದರಿಂದ ಅನುಭವಶಾಲಿಯಾದ ಭಾವಚಿತ್ರಕಾರನು ಬೆಳಗಿನ ಹೊತ್ತಿನಲ್ಲಿ ಗಿರಾಕಿಗಾಗಿ ಕೈಕಟ್ಟಿಕೊಂಡು ಕಾಯುವುದಿಲ್ಲ. ಪಕ್ಕದ ಅಂಗಡಿಯ ಗೆಳೆಯನನ್ನೋ, ಟೀ ತಂದ ಹುಡುಗನನ್ನೋ ಕೂರಿಸಿಕೊಂಡು ಬರೆಯಲಾರಂಭಿಸುತ್ತಾನೆ. ಕೆಲಸವಿಲ್ಲದೆ ಕುಳಿತ ಕೈಯ ಮುಂದೆ ಯಾರೂ ನಿಲ್ಲುವುದಿಲ್ಲ. ಕೆಲಸದಲ್ಲಿರುವ ಕೈಯನ್ನು ನೋಡದೆ ಮುಂದೆ ಹೋಗುವವರು ವಿರಳ.

ಇನ್ನು ಸ್ಥಳದ ಮಾತು. ಬಯಲಿನ ಬೆಳಕು ದೃಶ್ಯಚಿತ್ರಕ್ಕೆ ಹಬ್ಬ, ಭಾವಚಿತ್ರಕ್ಕೆ ಪರೀಕ್ಷೆ. ನೆತ್ತಿಯ ಮೇಲಿನ ಬಿಸಿಲು ಕಣ್ಣಿನ ಗುಳಿಗಳನ್ನು ಕತ್ತಲೆಮಾಡಿ, ಮೂಗಿನ ಕೆಳಗೆ ಮೀಸೆಯಿಲ್ಲದವರಿಗೂ ಮೀಸೆಯನ್ನು ಬರೆಯುತ್ತದೆ. ಮರದ ನೆರಳು ಒಳ್ಳೆಯದೆಂದರೆ, ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಕೆನ್ನೆಯ ಮೇಲೆ ಕುಣಿಯುತ್ತವೆ. ಒಂದು ಪಕ್ಕದಿಂದ ಸಮವಾದ ಬೆಳಕು ಬರುವಂತೆ ಗೋಡೆಯ ನೆರಳನ್ನೋ, ಬಿಳಿಯ ಬಟ್ಟೆಯ ಮರೆಯನ್ನೋ ಹುಡುಕಿಕೊಂಡವನು ಅರ್ಧ ಗೆದ್ದಂತೆ. ಜಾಗಕ್ಕಾಗಿ ಎಂತಹ ಸ್ಪರ್ಧೆಯಿರುವುದೆಂಬುದಕ್ಕೆ ಪ್ಯಾರಿಸಿನ ಮೋಂಮಾರ್ತ್ರ್ ಗುಡ್ಡದ ಮೇಲಿನ ಪ್ಲಾಸ್ ದ್ಯು ತೆರ್ತ್ರ್ ಎಂಬ ಚೌಕವೇ ನಿದರ್ಶನ. ಅಲ್ಲಿ ಕುಳಿತು ಬರೆಯಲು ನಗರಾಡಳಿತದ ಅನುಮತಿ ಬೇಕು. ದೊರೆಯುವ ಜಾಗ ಸುಮಾರು ಒಂದು ಚದರ ಮೀಟರ್. ಅದನ್ನೂ ಇಬ್ಬರು ಸರದಿಯ ಮೇಲೆ ಹಂಚಿಕೊಳ್ಳಬೇಕು. ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಬಯಲು ಪ್ರದರ್ಶನವು ಆರಂಭವಾದದ್ದು ಸಹ ವೈಭವಕ್ಕಾಗಿಯಲ್ಲ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಚಿತ್ರಶಾಲೆಗಳ ಬಾಗಿಲು ತಮಗೆ ತೆರೆಯದಿದ್ದಾಗ ಕಲಾವಿದರು ಹೊಟ್ಟೆಪಾಡಿಗಾಗಿ ಕಾಲುದಾರಿಗೆ ಬಂದರು. ಬಯಲಿನ ಕಲಾಸಂತೆಯ ಹಿಂದೆ ಯಾವಾಗಲೂ ಒಂದಿಷ್ಟು ಹಸಿವು ಇರುತ್ತದೆಂಬುದನ್ನು ನಾವು ಮರೆಯಬಾರದು.

ಹಸಿವಿದ್ದೆಡೆಯಲ್ಲಿ ಪ್ರಲೋಭನವೂ ಇರುತ್ತದೆ. ಭಾವಚಿತ್ರಕಾರನ ಪ್ರಲೋಭನವೆಂದರೆ ಮುಖಸ್ತುತಿ. ಈ ಮಾತು ಇಲ್ಲಿ ಅಕ್ಷರಶಃ ಸತ್ಯ. ಇಮ್ಮಡಿ ಗಲ್ಲವನ್ನು ಒಂದು ಮಾಡಿ, ಬೋಳಾದ ನೆತ್ತಿಗೆ ನಾಲ್ಕು ಕೂದಲನ್ನು ದಾನಮಾಡಿ, ಐವತ್ತರವರನ್ನು ಮೂವತ್ತಕ್ಕಿಳಿಸಿದರೆ ಗಿರಾಕಿಗೆ ಸಂತೋಷ. ಆದರೆ ಹಿಂದೆ ನಿಂತ ಗುಂಪು ಮೆಲ್ಲನೆ ನಗುತ್ತದೆ; ಮುಂದಿನ ಗಿರಾಕಿ ಜಾರಿಕೊಳ್ಳುತ್ತಾನೆ. ಚಿತ್ರಕಲೆಗೆ ಆರು ಅಂಗಗಳನ್ನು ಹೇಳಿದ ನಮ್ಮ ಪ್ರಾಚೀನರು ಸಾದೃಶ್ಯವನ್ನು ಅವುಗಳಲ್ಲೊಂದಾಗಿ ಎಣಿಸಿದರು. ಹಾಗೆಯೇ ಲಾವಣ್ಯಯೋಜನೆಯನ್ನೂ ಎಣಿಸಿದರು. ಹೋಲಿಕೆಯನ್ನು ಬಿಡದೆ ಚೆಲುವನ್ನು ಕೂಡಿಸುವುದು ಕಲೆ. ಚೆಲುವಿಗಾಗಿ ಹೋಲಿಕೆಯನ್ನು ಮಾರುವುದು ಬರಿಯ ವ್ಯಾಪಾರ.

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಒಂದು ಸಂದರ್ಭ ಇಲ್ಲಿ ನೆನಪಾಗುತ್ತದೆ. ಅಗ್ನಿಮಿತ್ರನು ಮಾಲವಿಕೆಯನ್ನು ಮೊದಲು ಕಂಡದ್ದು ಚಿತ್ರದಲ್ಲಿ. ಚಿತ್ರಗಾರನು ಚೆಲುವನ್ನು ಹೆಚ್ಚಿಸಿ ಬರೆದಿರಬಹುದೆಂಬ ಶಂಕೆ ಅವನಿಗಿತ್ತು. ಆಕೆ ಎದುರಿಗೆ ಬಂದು ನಿಂತಾಗ ಆ ಶಂಕೆ ತಲೆಕೆಳಗಾಯಿತು. ಬರೆದವನ ಚಿತ್ತೈಕಾಗ್ರ್ಯವೇ ಸಡಿಲವಾಗಿತ್ತೆಂದು ಅವನು ತೀರ್ಮಾನಿಸಿದನು. ಚಿತ್ರಗಾರನ ದೋಷವನ್ನು ಕವಿಯು ಕೈಯಲ್ಲಿ ಕಾಣಲಿಲ್ಲ, ಬಣ್ಣದಲ್ಲಿ ಕಾಣಲಿಲ್ಲ. ಮನಸ್ಸಿನ ಸಡಿಲಿಕೆಯಲ್ಲಿ ಕಂಡನು. ಅರಮನೆಯ ಚಿತ್ರಶಾಲೆಯ ನಿಶ್ಶಬ್ದದಲ್ಲಿಯೇ ಮನಸ್ಸು ಸಡಿಲವಾಗುವುದಾದರೆ, ಒಂದು ಕಡೆ ಕಡಲೆಕಾಯಿ ಮಾರುವವನ ಕೂಗು, ಇನ್ನೊಂದು ಕಡೆ ಪೀಪಿಯ ಸದ್ದು, ನಡುವೆ ನೂರು ಜನರ ಟೀಕೆಟಿಪ್ಪಣಿ ಇವುಗಳ ಮಧ್ಯೆ ಹದಿನೈದು ನಿಮಿಷ ಒಂದು ಮುಖದ ಮೇಲೆ ಮನಸ್ಸನ್ನು ನೆಡುವವನ ಸಾಧನೆ ಎಂತಹುದಿರಬೇಕು!

ಈ ಸಾಧನೆಗೆ ಬೆಲೆ ಕಟ್ಟುವಲ್ಲಿ ನಾವು ವಿದ್ಯಾವಂತರೆನಿಸಿಕೊಂಡವರು ಎಷ್ಟು ಎಡವುತ್ತೇವೆಂಬುದಕ್ಕೆ ಪರರ ದೃಷ್ಟಾಂತ ಬೇಡ, ನಮ್ಮದನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಚಿತ್ರಸಂತೆಯಲ್ಲಿ ಒಬ್ಬ ತರುಣ ಭಾವಚಿತ್ರಕಾರನ ಮುಂದೆ ನಿಂತೆವು. ಮಧ್ಯಾಹ್ನದ ಹೊತ್ತು, ಅವನ ಎದುರಿನ ಕುರ್ಚಿ ಖಾಲಿಯಾಗಿತ್ತು. ಫಲಕದ ಮೇಲೆ ‘ಐನೂರು ರೂಪಾಯಿ, ಹದಿನೈದು ನಿಮಿಷ’ ಎಂದು ಸ್ಪಷ್ಟವಾಗಿ ಬರೆದಿತ್ತು.

“ಏನಪ್ಪಾ, ಕಾಲು ಗಂಟೆಯ ಕೆಲಸಕ್ಕೆ ಐನೂರೇ? ಮುನ್ನೂರು ಮಾಡಿಕೊ,” ಎಂದೆವು.

ಅವನು ಒಂದು ಸಲ ಖಾಲಿ ಕುರ್ಚಿಯನ್ನು ನೋಡಿದನು, ಒಂದು ಸಲ ನಮ್ಮನ್ನು ನೋಡಿದನು. “ಕೂತ್ಕೊಳ್ಳಿ ಸಾರ್,” ಎಂದನು. ಅಷ್ಟೇ. ಆ ಹದಿನೈದು ನಿಮಿಷಗಳಲ್ಲಿ ಅವನು ಬೇರೆ ಮಾತನ್ನಾಡಲಿಲ್ಲ. ಕಡಮೆ ಹಣವೆಂದು ಒಂದು ಗೆರೆಯನ್ನೂ ಕಡಮೆಮಾಡಲಿಲ್ಲ. ಬರೆದು ಮುಗಿಸಿ, ಇದ್ದಿಲಿನ ಪುಡಿ ಉದುರದಂತೆ ಕಾಗದದ ಮೇಲೆ ದ್ರಾವಣವನ್ನು ಸಿಂಪಡಿಸಿ, ಸುರುಳಿಮಾಡಿ ಕೊಟ್ಟನು. ಚೀಟಿಯೊಂದನ್ನು ಕೊಡಲೆಂದು ಚೀಲದಲ್ಲಿ ತಡಕುತ್ತಿದ್ದಂತೆ ನಾವು ಅವಸರದಿಂದ ಹೊರಟುಬಿಟ್ಟೆವು. ಇನ್ನೂರು ರೂಪಾಯಿ ಉಳಿಸಿದ ಜಾಣತನದ ಸಂತೋಷ ನಮ್ಮ ಕಾಲುಗಳಲ್ಲಿತ್ತು.

ಮನೆಯಲ್ಲಿ ಸುರುಳಿಯನ್ನು ಬಿಚ್ಚಿದಾಗ ನಮ್ಮ ತಾಯಿ ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಈ ಹುಬ್ಬು ನಿಮ್ಮಪ್ಪನದು ಕಣೋ,” ಎಂದರು. ನಮ್ಮ ತಂದೆ ತೀರಿಕೊಂಡು ಆಗ ಇಪ್ಪತ್ತು ವರ್ಷಗಳಾಗಿದ್ದವು. ಕನ್ನಡಿಯಲ್ಲಿ ದಿನವೂ ಮುಖಕ್ಷೌರ ಮಾಡಿಕೊಳ್ಳುವ ನಮಗೆ ಕಾಣದಿದ್ದುದನ್ನು, ನಮ್ಮ ತಂದೆಯನ್ನು ಎಂದೂ ಕಂಡಿರದ ಆ ಹುಡುಗನು ಹದಿನೈದು ನಿಮಿಷಗಳಲ್ಲಿ ಕಂಡುಕೊಂಡಿದ್ದನು. ಮರುವರ್ಷ ಉಳಿದ ಇನ್ನೂರು ರೂಪಾಯಿಗಳನ್ನೂ, ತಂದೆಯವರ ಒಂದು ಹಳೆಯ ಫೋಟೋವನ್ನೂ ಜೇಬಿನಲ್ಲಿಟ್ಟುಕೊಂಡು ಸಂತೆಯನ್ನು ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ಸುತ್ತಿದೆವು. ಅವನು ಸಿಕ್ಕಲಿಲ್ಲ. ಚಿತ್ರದ ಮೂಲೆಯಲ್ಲಿ ಅವನ ರುಜುವಿದೆ. ಆದರೆ ಅದನ್ನು ಇದುವರೆಗೆ ನಮ್ಮಿಂದ ಓದಲಾಗಿಲ್ಲ.

‘ಕಾಲು ಗಂಟೆಯ ಕೆಲಸ’ ಎಂದೆವಲ್ಲ, ಆ ಮಾತಿಗೆ ಲಂಡನ್ನಿನ ನ್ಯಾಯಾಲಯದಲ್ಲಿ 1878ರಲ್ಲಿಯೇ ಉತ್ತರ ದೊರೆತಿತ್ತು. ಸಾಹಿತ್ಯವನ್ನೋದಿದ ನಮಗೆ ಅದು ತಿಳಿದೂ ಇತ್ತು. ವಿಸ್ಲರ್ ಎಂಬ ಚಿತ್ರಕಾರನು ಇನ್ನೂರು ಗಿನಿ ಬೆಲೆಯಿಟ್ಟಿದ್ದ ಒಂದು ಚಿತ್ರವನ್ನು ಪ್ರಖ್ಯಾತ ವಿಮರ್ಶಕ ರಸ್ಕಿನ್ ಕಟುವಾಗಿ ಹಳಿದನು. ವಿಸ್ಲರ್ ಮಾನನಷ್ಟದ ಮೊಕದ್ದಮೆ ಹೂಡಿದನು. ಎರಡು ದಿನದ ಕೆಲಸಕ್ಕೆ ಇಷ್ಟು ಹಣವನ್ನು ಕೇಳುವಿರಾ ಎಂದು ವಕೀಲರು ಪ್ರಶ್ನಿಸಿದಾಗ, ತಾನು ಕೇಳಿರುವುದು ಒಂದು ಜೀವಮಾನದ ಅರಿವಿಗೆ ಎಂಬರ್ಥದ ಉತ್ತರವನ್ನು ಅವನು ಕೊಟ್ಟನು. ಮೊಕದ್ದಮೆಯಲ್ಲಿ ಅವನೇ ಗೆದ್ದನು. ಆದರೆ ದೊರೆತ ಪರಿಹಾರ ಒಂದು ಫಾರ್ದಿಂಗ್, ಎಂದರೆ ಒಂದು ಪೆನ್ನಿಯ ಕಾಲು ಭಾಗ. ಮರುವರ್ಷ ಅವನು ದಿವಾಳಿಯಾದನು. ಉತ್ತರವು ಸರಿಯಾಗಿದ್ದರೆ ಸಾಲದು, ಕೇಳುವವರಿಗೂ ಕಿವಿಯಿರಬೇಕು.

ಇಲ್ಲೊಂದು ಆಕ್ಷೇಪಣೆ ಹುಟ್ಟಬಹುದು. ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಇರುವ ಫೋನು ಬಂದಿರುವಾಗ, ಯಂತ್ರವೇ ಫೋಟೋವನ್ನು ಕ್ಷಣಮಾತ್ರದಲ್ಲಿ ತೈಲಚಿತ್ರದಂತೆ ಮಾರ್ಪಡಿಸಿ ಕೊಡುವಾಗ, ಇದ್ದಿಲಿನವನ ಮುಂದೆ ಕುಳಿತುಕೊಳ್ಳುವುದೇಕೆ ಎಂದು. ಈ ಭಯ ಭಾವಚಿತ್ರಕಾರನಿಗೆ ಹೊಸದಲ್ಲ. 1839ರಲ್ಲಿ ದಗೇರನ ಛಾಯಾಚಿತ್ರವಿಧಾನ ಪ್ರಕಟವಾಯಿತು. 1854ರಲ್ಲಿ ದಿಸ್ದೇರಿ ಎಂಬವನು ಒಂದೇ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ಹಂಚಿಕೆಗೆ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದನು. ಅಂಗೈಯಗಲದ ಭಾವಚಿತ್ರಗಳನ್ನು ಕುಂಚದಿಂದ ಬರೆದು ಬದುಕುತ್ತಿದ್ದವರ ಕಸುಬು ಅದರಿಂದ ಬಹುಮಟ್ಟಿಗೆ ಮುರಿದುಬಿತ್ತು. ಆದರೂ ಕೈಬರೆಹದ ಮುಖಕ್ಕೆ ಸಂತೆಯಲ್ಲಿ ಇಂದಿಗೂ ಗಿರಾಕಿಗಳುಂಟು. ಕಾರಣವಿಷ್ಟೇ: ಯಂತ್ರವು ನಮ್ಮ ಮುಖವನ್ನು ತೆಗೆದುಕೊಳ್ಳುತ್ತದೆ, ನೋಡುವುದಿಲ್ಲ. ಹದಿನೈದು ನಿಮಿಷಗಳ ಕಾಲ ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನ ಮುಖವನ್ನು ಬೇರಾವ ಕೆಲಸವೂ ಇಲ್ಲದೆ ನೋಡುವುದು ನಮ್ಮ ಬಾಳಿನಲ್ಲಿ ಎಷ್ಟು ಸಲ ಒದಗುತ್ತದೆ? ವೈದ್ಯರು ನಾಲಗೆಯನ್ನು ನೋಡುತ್ತಾರೆ. ನಾವು ಅಧ್ಯಾಪಕರು ಹಾಜರಿಪಟ್ಟಿಯನ್ನು ನೋಡುತ್ತೇವೆ. ಭಾವಚಿತ್ರಕಾರನೊಬ್ಬನೇ ಮುಖವನ್ನು ನೋಡುವವನು.

ಆದುದರಿಂದ ಕಲಾವಿದ ಮಿತ್ರರಲ್ಲಿ ಎರಡು ಮಾತುಗಳನ್ನು ವಿನಯದಿಂದ ಬಿನ್ನವಿಸುತ್ತೇವೆ. ಬೆಲೆಯನ್ನೂ ಸಮಯವನ್ನೂ ದಪ್ಪ ಅಕ್ಷರಗಳಲ್ಲಿ ಬರೆದಿಡಿ. ಬರೆದ ಮೇಲೆ ಅದರಿಂದ ಕದಲಬೇಡಿ. ಒಬ್ಬರಿಗೆ ಐನೂರು, ಇನ್ನೊಬ್ಬರಿಗೆ ಮುನ್ನೂರು ಎಂದಾದರೆ ಪೂರ್ತಿ ಕೊಟ್ಟವನಿಗೆ ತಾನು ಮೋಸಹೋದೆನೆನಿಸುತ್ತದೆ; ನೀವು ಕಷ್ಟಪಟ್ಟು ಗಳಿಸಿದ ನಂಬಿಕೆ ಅಲ್ಲಿಗೇ ಒಡೆಯುತ್ತದೆ. ಹೆಚ್ಚು ಕೊಡಲಾರದವರಿಗೆ ಬೇಕಾದರೆ ಚಿಕ್ಕ ಕಾಗದದಲ್ಲಿ, ಪಕ್ಕದ ನೋಟವನ್ನಷ್ಟೇ ಬರೆದುಕೊಡುವ ಕಡಮೆ ದರದ ಇನ್ನೊಂದು ಸಾಲಿರಲಿ. ಎರಡನೆಯದಾಗಿ, ಪ್ರತಿಯೊಂದು ಚಿತ್ರದ ಬೆನ್ನಿಗೂ ನಿಮ್ಮ ಹೆಸರನ್ನೂ, ದೂರವಾಣಿಯ ಸಂಖ್ಯೆಯನ್ನೂ ಓದಲು ಬರುವಂತೆ ಬರೆಯಿರಿ. ಸಂತೆ ಒಂದು ದಿನದ್ದು. ಚಿತ್ರ ಗೋಡೆಯ ಮೇಲೆ ಐವತ್ತು ವರ್ಷವಿರುವುದು. ಮನೆಗೆ ಬಂದ ನೆಂಟರು “ಯಾರು ಬರೆದದ್ದು?” ಎಂದು ಕೇಳುವ ಕ್ಷಣವೇ ನಿಮ್ಮ ಮುಂದಿನ ಕೆಲಸ ಹುಟ್ಟುವ ಕ್ಷಣ. ಅಜ್ಜಿಯ ಹಳೆಯ ಫೋಟೋವನ್ನು ದೊಡ್ಡದಾಗಿ ಬರೆಯಿಸಬೇಕೆನ್ನುವವರು, ಮಗಳ ಮದುವೆಗೆ ಮೊದಲು ಮನೆಮಂದಿಯ ಚಿತ್ರ ಬೇಕೆನ್ನುವವರು ಆ ಬೆನ್ನಿನ ಬರೆಹದಿಂದಲೇ ನಿಮ್ಮನ್ನು ಹುಡುಕಿಕೊಂಡು ಬರಬೇಕು.

ಶ್ರೋತೃಗಳಲ್ಲಿ ನಮ್ಮ ಬಿನ್ನಹ ಇನ್ನೂ ಚಿಕ್ಕದು. ಮುಂದಿನ ಸಂತೆಗೆ ನೀವು ಹೋಗುವಿರಾದರೆ ಖಾಲಿಯಾದ ಒಂದು ಕುರ್ಚಿಯನ್ನು ನೋಡಿ ಕುಳಿತುಕೊಳ್ಳಿ. ಫಲಕದಲ್ಲಿ ಬರೆದಷ್ಟನ್ನು ಕೊಡಿ. ಹೆಚ್ಚು ಕೊಟ್ಟು ದಾನಿಗಳಾಗಬೇಕಾದುದಿಲ್ಲ, ಕಡಮೆ ಕೊಟ್ಟು ಜಾಣರಾಗಬೇಕಾದುದೂ ಇಲ್ಲ. ಚಿತ್ರ ನಿಮ್ಮಂತಿಲ್ಲವೆಂದು ತೋರಿದರೆ ಅಲ್ಲಿಯೇ ಜಗಳ ತೆಗೆಯದೆ ಮನೆಗೆ ತನ್ನಿ, ನಿಮ್ಮನ್ನು ಬಹುಕಾಲ ಕಂಡವರಿಗೆ ತೋರಿಸಿ. ಎದ್ದು ಹೊರಡುವ ಮೊದಲು ಕಲಾವಿದನ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಒಂದು ನಿಮಿಷವನ್ನು ಉಳಿಸಿದ ನಾವು, ಒಂದು ಹೆಸರಿಗಾಗಿ ಪ್ರತಿ ವರ್ಷವೂ ಜೇಬಿನಲ್ಲಿ ಇನ್ನೂರು ರೂಪಾಯಿಯನ್ನಿಟ್ಟುಕೊಂಡು ಕುಮಾರಕೃಪ ರಸ್ತೆಯನ್ನು ಸುತ್ತುತ್ತಿದ್ದೇವೆ.